ಒಂದು ವಿಮಾನ ಎಷ್ಟು ಸಲ ಬೀಳಬೇಕು?

ನಮ್ಮ ದಕ್ಷಿಣ ಕನ್ನಡದಲ್ಲಿ ಮೇ ತಿಂಗಳೆಂದರೆ ಹಲಸಿನ ಹಪ್ಪಳದ ತಿಂಗಳು. ಮಳೆ ಹಿಡಿಯುವುದರೊಳಗೆ ಒಂದು ಡಬ್ಬಿಯಾದರೂ ಒಣಗಿಸಿಡದಿದ್ದರೆ ಆಟಿ ತಿಂಗಳ ಸಂಜೆಗಳಿಗೆ ರುಚಿಯೇ ಇಲ್ಲ. 2010ರ ಮೇ 22, ಶನಿವಾರ. ಶಾಲೆಗೆ ರಜೆ. ಬೆಳಿಗ್ಗೆ ಬೇಗ ಎದ್ದು ಸೊಳೆ ಬೇಯಲಿಟ್ಟಿದ್ದೆ. ನನ್ನ ಸಹಾಯಕ್ಕೆ ಹಿಂದಿನ ಬೀದಿಯ ಬೀಡಿ ಕಟ್ಟುವ ಹೆಂಗಸು ಬಂದಿದ್ದಳು. ವರ್ಷವೂ ಬರುತ್ತಿದ್ದಳು. ಅವಳು ಕುಟ್ಟಿ ಕೊಡುವುದು, ನಾನು ಉಂಡೆ ಕಟ್ಟುವುದು, ಆಮೇಲೆ ಇಬ್ಬರೂ ಕೂತು ಒತ್ತುವುದು. ಮೂಡುಬಿದಿರೆಯ ನಮ್ಮ ಅಂಗಳದಲ್ಲಿ ಚಾಪೆ ಹಾಸಿ ಆಗಿತ್ತು.

ಆಗ ಎದುರು ಮನೆಯ ಬಾಯಮ್ಮ ಗೇಟು ತೆಗೆದು ಓಡಿಕೊಂಡೇ ಬಂದರು. “ಟೀಚರೇ, ಟಿ.ವಿ. ಹಾಕಿ, ಬೇಗ. ನಮ್ಮಲ್ಲಿ ಕೇಬಲ್ ಬರ್ತಾ ಇಲ್ಲ. ಬಜಪೆಯಲ್ಲಿ ದುಬೈ ವಿಮಾನ ಬಿದ್ದಿದೆಯಂತೆ.”

ಅವರ ಮಗ ದುಬೈಯಲ್ಲಿದ್ದ. ನೆಂಟರ ಮದುವೆಗೆಂದು ಆ ವಾರ ಹೊರಟಿದ್ದ. ಟಿಕೆಟ್ ಯಾವತ್ತಿಗೆ ಸಿಗುತ್ತದೋ ಅವತ್ತು ಬರುತ್ತೇನೆ ಎಂದಿದ್ದನಂತೆ. ಫೋನು ಮಾಡಿದರೆ ಹತ್ತುತ್ತಿರಲಿಲ್ಲ.

ಟಿ.ವಿ. ಹಾಕಿದೆ. ಗುಡ್ಡದ ಇಳಿಜಾರು, ಗಿಡಮರಗಳ ನಡುವಿನಿಂದ ಏಳುವ ಹೊಗೆ, ನೀರು ಹಾರಿಸುವ ಅಗ್ನಿಶಾಮಕ ದಳದವರು, ಬೆಟ್ಟ ಇಳಿದು ಓಡುವ ಊರಿನ ಹುಡುಗರು. ಒಂದು ನಿಮಿಷದ ಚಿತ್ರ. ಅದು ಮುಗಿದ ಕೂಡಲೇ ಮತ್ತೆ ಅದೇ ಗುಡ್ಡ, ಅದೇ ಹೊಗೆ, ಅದೇ ಹುಡುಗರು. ಬಾಯಮ್ಮನಿಗೆ ಬೇಕಿದ್ದುದು ಹೊಗೆ ಅಲ್ಲ, ಒಂದು ಹೆಸರಿನ ಪಟ್ಟಿ. ಅದಿಲ್ಲದಿದ್ದರೆ ವಿಚಾರಿಸಲು ಒಂದು ಫೋನ್ ನಂಬರು. ನಂಬರೇನೋ ಪರದೆಯ ಅಡಿಯಲ್ಲಿ ಹರಿದು ಬಂತು. ನಾನು ಪೆನ್ಸಿಲು ಹಿಡಿದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳತೊಡಗಿದೆ. ಕೊನೆಯ ಎರಡು ಅಂಕೆ ಬರುವ ಮೊದಲೇ ಜಾಹೀರಾತು ಬಂತು. ಜಾಹೀರಾತು ಮುಗಿದ ಮೇಲೆ ಮತ್ತೆ ಗುಡ್ಡ, ಮತ್ತೆ ಹೊಗೆ. ಬಾಯಮ್ಮ ಜಪಸರ ಹಿಡಿದು ಆ ಹೊಗೆಯೊಳಗೆ ಮಗನ ಅಂಗಿಯ ಬಣ್ಣ ಹುಡುಕುತ್ತಿದ್ದರು.

ಹತ್ತೂವರೆಯ ಹೊತ್ತಿಗೆ ಮಗನೇ ಫೋನು ಮಾಡಿದ. ಅವನಿಗೆ ಟಿಕೆಟ್ ಸಿಕ್ಕಿದ್ದು ಸೋಮವಾರಕ್ಕೆ. ಬಾಯಮ್ಮ ಅತ್ತರು, ನಾನೂ ಅತ್ತೆ.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ. ಮಗನ ದನಿ ಕೇಳಿದ ಮೇಲೆ ಬಾಯಮ್ಮ ಎದ್ದು ಮನೆಗೆ ಹೋಗಬಹುದಿತ್ತು. ನಾನು ಟಿ.ವಿ. ಆರಿಸಬಹುದಿತ್ತು. ಇಬ್ಬರೂ ಹಾಗೆ ಮಾಡಲಿಲ್ಲ. ಸಂಜೆಯವರೆಗೆ ಕೂತು ನೋಡಿದೆವು. ವೆನ್‌ಲಾಕ್ ಆಸ್ಪತ್ರೆಯ ಶವಾಗಾರದ ಹೊರಗೆ ಗೋಡೆಗೆ ಒರಗಿ ನಿಂತವರನ್ನು ನೋಡಿದೆವು. ಅವರ ಬಾಯಿಯ ಹತ್ತಿರ ಹಿಡಿದ ಮೈಕುಗಳನ್ನು ನೋಡಿದೆವು. “ಈಗ ನಿಮಗೆ ಹೇಗನಿಸುತ್ತಿದೆ?” ಎಂಬ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆವೋ ಲೆಕ್ಕವಿಲ್ಲ. ಹಿತ್ತಿಲಿನಿಂದ ಬೀಡಿಯವಳು ಎರಡು ಸಲ ಬಂದು, “ಅಕ್ಕ, ಹಿಟ್ಟು ಹುಳಿ ಬರ್ತದೆ” ಎಂದಳು. “ಈಗ ಬಂದೆ” ಎಂದೆ. ಹೋಗಲಿಲ್ಲ. ಆ ವರ್ಷದ ಹಪ್ಪಳ ಹಾಗೆ ಹಾಳಾಯಿತು.

ಆ ವಿಮಾನದಲ್ಲಿದ್ದವರು 166 ಮಂದಿ. ಬದುಕಿದವರು 8. ಸತ್ತವರು 158. ನಮ್ಮ ಜಿಲ್ಲೆ, ಉಡುಪಿ, ಕಾಸರಗೋಡಿನ ಊರೂರುಗಳಿಗೆ ಆ ಸಾವು ಹಂಚಿಹೋಯಿತು. ಅದು ಸಣ್ಣ ಸುದ್ದಿಯೆಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಬಾಯಿ ಹುಳುಬಿದ್ದೀತು. ನನ್ನ ತಕರಾರು ಬೇರೆ.

1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನಲ್ಲಿ, ಇಳಿಯುವ ಜಾಗಕ್ಕೆ ಸ್ವಲ್ಪ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 92 ಮಂದಿ ಸತ್ತರು. ಆಗ ನಮಗೆಲ್ಲ ದೂರದರ್ಶನ ಮತ್ತು ಆಕಾಶವಾಣಿ. ರಾತ್ರಿ ವಾರ್ತೆಯಲ್ಲಿ ಕೇಳಿದೆವು, ಮರುದಿನ ಪತ್ರಿಕೆಯಲ್ಲಿ ಓದಿದೆವು, ಅಯ್ಯೋ ಪಾಪ ಎಂದೆವು, ಕೆಲವು ದಿನ ಮಾತಾಡಿಕೊಂಡೆವು. ದುಃಖ ಕಡಿಮೆಯೇನೂ ಆಗಿರಲಿಲ್ಲ. ಆದರೆ ಆ ವಿಮಾನ ನಮ್ಮ ಪಾಲಿಗೆ ಒಂದೇ ಸಲ ಬಿದ್ದಿತ್ತು. 2010ರ ಹೊತ್ತಿಗೆ ಕನ್ನಡದಲ್ಲಿಯೇ ದಿನದ ಇಪ್ಪತ್ತನಾಲ್ಕು ಗಂಟೆಯೂ ಸುದ್ದಿ ಹೇಳುವ ವಾಹಿನಿಗಳು ಬಂದಿದ್ದವು. ಇಪ್ಪತ್ತನಾಲ್ಕು ಗಂಟೆ ತುಂಬಿಸಬೇಕು, ಕೈಯಲ್ಲಿರುವುದು ಒಂದು ನಿಮಿಷದ ಚಿತ್ರ. ಹತ್ತು ಜನರ ಸಾರಿಗೆ ಐವತ್ತು ಜನ ಬಂದರೆ ನಾವು ನೀರು ಸೇರಿಸುತ್ತೇವಲ್ಲ, ಹಾಗೆ ಅವರು ಮಾತು ಸೇರಿಸುತ್ತಾರೆ. ವಿಷಯ ಗೊತ್ತಿದ್ದವರೂ ಮಾತಾಡುತ್ತಾರೆ, ಗೊತ್ತಿಲ್ಲದವರೂ ಮಾತಾಡುತ್ತಾರೆ. ಆ ವಿಮಾನ ಮೂರು ದಿನ ಬೀಳುತ್ತಲೇ ಇತ್ತು.

ಬಜಪೆಯ ದುರಂತವಾಗಿ ಆರೇ ದಿನಕ್ಕೆ, ಮೇ 28ರ ಬೆಳಗಿನ ಜಾವ, ಪಶ್ಚಿಮ ಬಂಗಾಳದಲ್ಲಿ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ರೈಲು ಹಳಿ ತಪ್ಪಿತು. ಬಿದ್ದ ಡಬ್ಬಿಗಳ ಮೇಲೆ ಎದುರಿನಿಂದ ಗೂಡ್ಸ್ ರೈಲು ಹರಿಯಿತು. ಅಲ್ಲಿ ಸತ್ತವರೂ 140ಕ್ಕೆ ಮೇಲೆ. ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಊಟ ಮಾಡುತ್ತಾ ನೋಡಿದ ನೆನಪು. ಅದು ದೂರದ ಊರು ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಹತ್ತಿರದ್ದನ್ನೇ ಹೇಳುತ್ತೇನೆ.

ಅದೇ ವರ್ಷ ಜುಲೈಯಲ್ಲಿ, ಜೋರು ಮಳೆಯ ಒಂದು ಸಂಜೆ, ನಮ್ಮ ಬೀಡಿಯವಳ ಗಂಡ ಸೈಕಲಿನಲ್ಲಿ ಬರುತ್ತಿದ್ದವನಿಗೆ ಹೆದ್ದಾರಿಯ ತಿರುವಿನಲ್ಲಿ ಟಿಪ್ಪರ್ ಲಾರಿ ಹೊಡೆಯಿತು. ಆಸ್ಪತ್ರೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು. ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಅದರಲ್ಲೂ ಅವನ ಹೆಸರು ತಪ್ಪು. ಅವಳ ಬಾಯಿಗೆ ಯಾರೂ ಮೈಕು ಹಿಡಿಯಲಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ನಾನು? ಗುರುತಿಲ್ಲದ 158 ಮಂದಿಗಾಗಿ ಮೂರು ದಿನ ಟಿ.ವಿ. ಎದುರು ಕಣ್ಣೀರು ಹಾಕಿದವಳು, ಪ್ರತಿ ವರ್ಷ ನನ್ನ ಅಂಗಳದಲ್ಲಿ ಕೂರುತ್ತಿದ್ದವಳ ಮನೆಯಲ್ಲಿ ಎಷ್ಟು ಹೊತ್ತು ಕೂತೆ ಗೊತ್ತೇ? ಹತ್ತು ನಿಮಿಷ. ಕೊಡೆ ಬಾಗಿಲಲ್ಲಿಟ್ಟು, ಚಾಪೆಯ ಅಂಚಿನಲ್ಲಿ ಕೂತು, ಸಮಾಧಾನ ಮಾಡಿಕೋ ಎಂದು ಹೇಳಿ, ಮಳೆ ಕಡಿಮೆಯಾದ ಕೂಡಲೇ ಎದ್ದು ಬಂದೆ.

ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರ ಸಂಖ್ಯೆ, ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯ ಲೆಕ್ಕದಂತೆ, 2022ರ ಒಂದೇ ವರ್ಷದಲ್ಲಿ 1,68,491. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ನಾನು ಭಾಗಿಸಿ ನೋಡಿದೆ. ದಿನಕ್ಕೆ 461. ಎಂದರೆ ದಿನಕ್ಕೆ ಸುಮಾರು ಮೂರು ಬಜಪೆ. ಇವತ್ತು, ನಾಳೆ, ಯುಗಾದಿಯ ದಿನ, ದೀಪಾವಳಿಯ ದಿನ. ಆದರೆ ಈ ಸಾವುಗಳು ಒಂದೇ ಗುಡ್ಡದ ಮೇಲೆ ಸಾಲಾಗಿ ಮಲಗುವುದಿಲ್ಲ. ಒಬ್ಬ ಇಲ್ಲಿಯ ತಿರುವಿನಲ್ಲಿ, ಇಬ್ಬರು ಹಾಸನದ ದಾರಿಯಲ್ಲಿ, ಮೂವರು ಹುಬ್ಬಳ್ಳಿಯ ಆಚೆ. ಕ್ಯಾಮರಾಕ್ಕೆ ಒಂದು ಚೌಕಟ್ಟಿನೊಳಗೆ ಹಿಡಿಯುವ ಸಾವು ಬೇಕು. ಚಿಲ್ಲರೆಯಾಗಿ ಸಾಯುವವರು ಅದರ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಕಾರಣವನ್ನೂ ಮುಚ್ಚಿಡದೆ ಹೇಳಬೇಕು. ವಿಮಾನ ನಮಗೆ ದೊಡ್ಡವರ ವಾಹನ. ಸುದ್ದಿ ಬರೆಯುವವರು, ಓದುವವರು, ಜಾಹೀರಾತು ಕೊಡುವವರು ಹತ್ತುವ ವಾಹನ. ಆ ಸೀಟಿನಲ್ಲಿ ನಾನಿರಬಹುದಿತ್ತು ಎಂದು ಅವರಿಗೆ ಅನಿಸುತ್ತದೆ. ಮಳೆಯಲ್ಲಿ ಸೈಕಲ್ ತುಳಿಯುವವನ ಸೀಟಿನಲ್ಲಿ ತಾವಿದ್ದೇವೆಂದು ಅವರಿಗೆ ಯಾವತ್ತೂ ಅನಿಸುವುದಿಲ್ಲ. ಬಜಪೆಯ ವಿಮಾನದಲ್ಲಿ ಬಂದವರಲ್ಲಿ ಸಂಬಳಕ್ಕೆ ದುಡಿದು ರಜೆಗೆ ಮರಳುವ ಎಷ್ಟೋ ಜನ ಇದ್ದರೆಂಬುದು ನಮ್ಮೂರವರಿಗೆ ಗೊತ್ತು, ಆ ಮಾತು ಬೇರೆ.

ಇಷ್ಟೆಲ್ಲ ತೋರಿಸುವುದರಿಂದ ಏನು ನಷ್ಟ, ಬೇಡದವರು ನೋಡದಿದ್ದರಾಯಿತು ಎಂದು ನಮ್ಮ ಮನೆಯವರು ವಾದಿಸುತ್ತಾರೆ. ನಷ್ಟವಿದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಕಟ್ಟಡಗಳಿಗೆ ವಿಮಾನ ಬಡಿದ ಚಿತ್ರವನ್ನು ಲೋಕವೆಲ್ಲ ಎಷ್ಟು ಸಲ ನೋಡಿತೆಂದು ನಿಮಗೆ ಗೊತ್ತು. ಆಮೇಲೆ ಅಲ್ಲಿನ ಬಹಳ ಜನ ವಿಮಾನಕ್ಕೆ ಹೆದರಿ ಕಾರಿನಲ್ಲಿ ಹೊರಟರು. ಗೆರ್ಡ್ ಗಿಗೆರೆಂಜರ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ನಂತರದ ಹನ್ನೆರಡು ತಿಂಗಳಲ್ಲಿ ಹೀಗೆ ರಸ್ತೆಗಿಳಿದು ಹೆಚ್ಚಾಗಿ ಸತ್ತವರು ಸುಮಾರು 1,500 ಮಂದಿ. ವಿಮಾನದ ಹೆದರಿಕೆಯಿಂದ, ವಿಮಾನ ಹತ್ತದೆಯೇ ಸತ್ತವರು ಇವರು.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಬಿದ್ದಾಗ ಮಗಳು ಪುಣೆಯಿಂದ ಬರುವುದಿತ್ತು. ನಷ್ಟವೇನೆಂದು ವಾದಿಸುವ ಅದೇ ಮನೆಯವರು, “ವಿಮಾನ ಬೇಡ, ರಾತ್ರಿ ಬಸ್ಸಿಗೆ ಬಾ” ಎಂದು ಫೋನು ಮಾಡಿದರು. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎಂದೆ. 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸಿಗೆ ಮಹಬೂಬ್‌ನಗರ ಜಿಲ್ಲೆಯಲ್ಲಿ ಬೆಂಕಿ ಹತ್ತಿ 45 ಮಂದಿ ನಿದ್ದೆಯಲ್ಲೇ ಸುಟ್ಟುಹೋದದ್ದು ಆ ಹೊತ್ತಿಗೆ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮಗಳೇ ನಕ್ಕು ವಿಮಾನದಲ್ಲಿ ಬಂದಳು.

ಹಾಗಾದರೆ ವಿಮಾನ ದುರಂತವನ್ನು ತೋರಿಸಲೇಬಾರದೇ? ಪತ್ರಿಕೆ, ಟಿ.ವಿ. ಇಲ್ಲದಿದ್ದರೆ ತಪ್ಪು ಮಾಡಿದವರನ್ನು ಕೇಳುವವರು ಯಾರು? ಈ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ನನ್ನ ತಕರಾರು ಹೆಚ್ಚು ತೋರಿಸಿದರು ಎಂಬುದಷ್ಟೇ ಅಲ್ಲ. ಬಾಗಿಲು ಮುಚ್ಚಿರಬೇಕಾದ ಮೂರು ದಿನ ಒಳಗೆ ನುಗ್ಗಿದರು. ಬಾಗಿಲು ತೆರೆದು ಕಾದಿದ್ದ ಹತ್ತು ವರ್ಷ ಆ ಕಡೆ ಸುಳಿಯಲಿಲ್ಲ.

ಬಜಪೆಯದನ್ನೇ ನೋಡಿ. ತನಿಖೆಯ ವರದಿ ಬಂತು. ಹಾರಾಟದ ಬಹುಪಾಲು ಹೊತ್ತು ಹಿರಿಯ ಪೈಲಟ್ ನಿದ್ದೆಯಲ್ಲಿದ್ದರು, ಧ್ವನಿಮುದ್ರಣದಲ್ಲಿ ಗೊರಕೆ ಕೇಳಿಸಿತು ಎಂಬ ಸಂಗತಿ ಅದರಲ್ಲಿತ್ತು. ಸುದ್ದಿಯವರು ಆ ಗೊರಕೆಯೊಂದನ್ನು ಎತ್ತಿಕೊಂಡು ಎರಡು ದಿನ ಕುಣಿದರು. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ವಿಮಾನ ಸರಿಯಾಗಿ ಇಳಿಯುತ್ತಿಲ್ಲ, ಮತ್ತೆ ಮೇಲೇರೋಣ ಎಂದು ಕಿರಿಯ ಪೈಲಟ್ ಮೂರು ಸಲ ಹೇಳಿದ್ದರು. ಹಿರಿಯರು ಕೇಳಲಿಲ್ಲ. ಕಿರಿಯರು ಮುಂದೆ ಬಿದ್ದು ತಡೆಯಲಿಲ್ಲ. ಕಣ್ಣೆದುರೇ ಹಾಲು ಉಕ್ಕುತ್ತಿದ್ದರೂ ಅತ್ತೆಯ ಕೈಯಿಂದ ಸೌಟು ಕಿತ್ತುಕೊಳ್ಳಲಾರದ ಸೊಸೆಯ ಕಷ್ಟ ಇದು. ನಮಗೆ, ಹೆಂಗಸರಿಗೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರ ಎದುರು ಚಿಕ್ಕವರ ಸರಿಯಾದ ಮಾತು ಏಕೆ ಸೋಲುತ್ತದೆ, ಅದು ಸೋಲದಂತೆ ಏನು ಮಾಡಬೇಕು ಎಂಬುದನ್ನು ಮೂರು ದಿನ ಚರ್ಚಿಸಿದ್ದರೆ ನಾನು ಹಪ್ಪಳ ಬಿಟ್ಟು ಕೂತು ನೋಡುತ್ತಿದ್ದೆ.

ಚರ್ಚಿಸಲಿಲ್ಲ. ಹತ್ತು ವರ್ಷ ಕಳೆಯಿತು. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ, ಬಜಪೆಯಂತೆಯೇ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ನಿಲ್ದಾಣದಲ್ಲಿ, ದುಬೈಯಿಂದಲೇ ಬಂದ ವಿಮಾನ ಓಡುದಾರಿ ದಾಟಿ ಕೆಳಗೆ ಬಿತ್ತು. 21 ಮಂದಿ ಸತ್ತರು. ಆ ತನಿಖೆಯ ವರದಿಯಲ್ಲೂ ಅದೇ ಸಂಗತಿ: ಮತ್ತೆ ಮೇಲೇರಲು ಜೊತೆಯ ಪೈಲಟ್ ಹೇಳಿದ್ದರು, ಆದರೂ ವಿಮಾನ ಇಳಿಯಿತು. ಅದೇ ಮಾತು, ಅದೇ ಕಿವುಡು.

ಬಜಪೆಯಲ್ಲಿ ಸುಟ್ಟು ಗುರುತು ಸಿಗದ 12 ದೇಹಗಳನ್ನು ಕೊನೆಗೆ ನದೀತೀರದಲ್ಲಿ ಒಟ್ಟಾಗಿ ಮಣ್ಣು ಮಾಡಬೇಕಾಯಿತು. ಯಾರದೋ ಮನೆಗೆ ಯಾರದೋ ದೇಹ ಹೋಗಿತ್ತು. ತಂದೆಯೋ ಮಗನೋ ಎಲ್ಲಿ ಮಲಗಿದ್ದಾನೆಂದು ತಿಳಿಯದ ಆ ಮನೆಗಳಿಗೆ ಆಮೇಲೆ ಯಾರು ಹೋದರು? ಪರಿಹಾರಕ್ಕಾಗಿ ಕುಟುಂಬಗಳು ಕೋರ್ಟಿನಿಂದ ಕೋರ್ಟಿಗೆ ಅಲೆದವು. 2020ರ ಮೇಯಲ್ಲಿ, ದುರಂತವಾಗಿ ಸರಿಯಾಗಿ ಹತ್ತು ವರ್ಷಕ್ಕೆ, ಸುಪ್ರೀಂ ಕೋರ್ಟು ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಎಲ್ಲರಿಗೂ ಅಷ್ಟು ಸಿಗಲಿಲ್ಲ. ಏಕೆ ಸಿಗಲಿಲ್ಲ, ಕಾನೂನು ಏನು ಹೇಳುತ್ತದೆ, ವಿಧವೆಯೊಬ್ಬಳು ಯಾವ ಕಾಗದಕ್ಕೆ ಸಹಿ ಹಾಕುವ ಮೊದಲು ಏನು ಕೇಳಿಕೊಳ್ಳಬೇಕು ಎಂದು ಹೇಳಿಕೊಟ್ಟ ಕಾರ್ಯಕ್ರಮವೊಂದನ್ನೂ ಆ ವರ್ಷಗಳಲ್ಲಿ ನಾನು ನೋಡಲಿಲ್ಲ. “ಹೇಗನಿಸುತ್ತಿದೆ” ಎಂದು ಕೇಳಿದವರು “ದುಡ್ಡು ಬಂತೇ” ಎಂದು ಕೇಳಲು ಬರಲಿಲ್ಲ.

ಅಹಮದಾಬಾದಿನ ಹೊತ್ತಿಗೆ ಟಿ.ವಿ. ಸಾಲದೆಂದು ಮೊಬೈಲೂ ಸೇರಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಸತ್ತರು. ವಿಮಾನ ಬಿದ್ದದ್ದು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ಮೇಲೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಕೆಳಗಿದ್ದ 19 ಮಂದಿಯೂ ಹೋದರು. ನಮ್ಮ ನೆಂಟರ ಗುಂಪಿನಲ್ಲಿ ಆ ಸಂಜೆಯೊಳಗೆ ವಿಮಾನ ಬೀಳುವ ಚಿತ್ರ ಒಂಬತ್ತು ಸಲ ಬಂತು. ಬದುಕಿದವರ ಸೀಟಿನ ನಂಬರು ಮನೆಮನೆಯ ಮಾತಾಯಿತು. ಹೊರಡುವ ಮೊದಲು ನಗುತ್ತಾ ಫೋಟೋ ತೆಗೆದುಕೊಂಡ ಕುಟುಂಬದ ಮಕ್ಕಳ ಮುಖ ಕಂಡವರ ಕೈಯಲ್ಲೆಲ್ಲ ತಿರುಗಿತು.

ತಿಂಗಳ ಮೇಲೆ ಪ್ರಾಥಮಿಕ ವರದಿ ಬಂತು. ಎರಡು ಎಂಜಿನ್ನುಗಳಿಗೂ ಇಂಧನ ಕೊಡುವ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಆಗಿದ್ದವು. ಏಕೆ ಬಂದ್ ಮಾಡಿದೆ ಎಂದು ಒಬ್ಬರು ಕೇಳಿದ್ದರು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದರು. ಯಾರು ಕೇಳಿದವರು, ಯಾರು ಹೇಳಿದವರು ಎಂಬುದನ್ನು ಆ ವರದಿ ಹೇಳಲಿಲ್ಲ. ಆದರೆ ಸುದ್ದಿಯ ಅಂಗಡಿಗಳಲ್ಲಿ ಅಪರಾಧಿ ಆಗಲೇ ಸಿದ್ಧನಾಗಿದ್ದ. ಸತ್ತ ಪೈಲಟ್ ಬಂದು ಜವಾಬು ಕೊಡುವುದಿಲ್ಲವಲ್ಲ. ಕೊನೆಗೆ ತೊಂಬತ್ತು ದಾಟಿದ ಅವರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ವರದಿಯಲ್ಲಿ ಪೈಲಟ್ ಮೇಲೆ ತಪ್ಪು ಹೊರಿಸಿಲ್ಲ, ಆ ಭಾರವನ್ನು ನೀವು ಹೊರಬೇಡಿ ಎಂಬರ್ಥದ ಮಾತನ್ನು 2025ರ ನವೆಂಬರಿನಲ್ಲಿ ನ್ಯಾಯಾಧೀಶರೇ ಆ ಮುದುಕರಿಗೆ ಹೇಳಬೇಕಾಯಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ನಮ್ಮ ಹಿರಿಯರು ಅಂದದ್ದು ಇದಕ್ಕೇ ಇರಬೇಕು.

ಎಲ್ಲ ತಪ್ಪನ್ನೂ ಸುದ್ದಿಯವರ ತಲೆಗೆ ಕಟ್ಟಿ ಎದ್ದುಹೋಗಲು ನನಗೆ ಧೈರ್ಯವಿಲ್ಲ. ಗಿರಾಕಿ ಇಲ್ಲದೆ ಅಂಗಡಿ ನಡೆಯುವುದಿಲ್ಲ. ಆ ಶನಿವಾರ ಬಾಯಮ್ಮನ ಮಗ ಬದುಕಿದ್ದಾನೆಂದು ತಿಳಿದ ಮೇಲೂ ಕೂತು ನೋಡಿದ ಗಿರಾಕಿ ನಾನೇ. ಅಳು ಬಂದದ್ದು ಸುಳ್ಳಲ್ಲ. ಆದರೆ ಆ ಅಳುವಿನಲ್ಲಿ ಒಂದು ಸುಖವೂ ಇತ್ತು. ಕುರ್ಚಿಯಿಂದ ಏಳಬೇಕಾಗಿರಲಿಲ್ಲ, ಯಾರಿಗೂ ಗಂಜಿ ಬೇಯಿಸಬೇಕಾಗಿರಲಿಲ್ಲ, ಯಾರ ಕಾಗದವನ್ನೂ ತುಂಬಿಸಿಕೊಡಬೇಕಾಗಿರಲಿಲ್ಲ. ಹಿಂದಿನ ಬೀದಿಯ ದುಃಖಕ್ಕೆ ಹಾಗಲ್ಲ. ಹೋದರೆ ಏನಾದರೂ ಮಾಡಬೇಕಾಗುತ್ತದೆ. ಹತ್ತೇ ನಿಮಿಷಕ್ಕೆ ನಾನು ಎದ್ದು ಬಂದದ್ದು ಅದಕ್ಕೇ ಎಂದು ಈಗ ಅನಿಸುತ್ತದೆ.

ಅಹಮದಾಬಾದಿನ ಸುದ್ದಿ ಬಂದ ಸಂಜೆ ನಾನು ಒಂದು ಸಲ ವಾರ್ತೆ ಪೂರ್ತಿ ಕೇಳಿ ಟಿ.ವಿ. ಆರಿಸಿದೆ. ಸುಮ್ಮನೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹಿಂದಿನ ಬೀದಿಗೆ ಹೋದೆ. ಬೀಡಿಯವಳಿಗೆ ಈಗ ಕಣ್ಣು ಮಂಜು, ಬೀಡಿ ಕಟ್ಟುವುದು ಬಿಟ್ಟಿದ್ದಾಳೆ. ಮೋಟಾರು ಅಪಘಾತದ ಕೋರ್ಟಿನಿಂದ ಅವಳಿಗೆ ಪರಿಹಾರ ಬರಲು ಆರು ವರ್ಷ ಹಿಡಿದಿತ್ತಂತೆ. ಎಷ್ಟು ಸಲ ಮಂಗಳೂರಿಗೆ ಬಸ್ಸು ಹತ್ತಿದಳು, ಎಷ್ಟು ಸಲ ವಕೀಲರು ಇಲ್ಲವೆಂದು ಹಿಂತಿರುಗಿದಳು ಎಂದು ಅವತ್ತು ಕೂತು ಹೇಳಿದಳು. ಇದೇ ಊರಿನಲ್ಲಿದ್ದು ನನಗೆ ಅದೊಂದೂ ಗೊತ್ತಿರಲಿಲ್ಲ.

ಹೊರಡುವಾಗ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಿಂದ ಒಂದು ಹಳದಿಯಾದ ಕಾಗದದ ತುಂಡು ತೆಗೆದಳು. ಹದಿನೈದು ವರ್ಷದ ಹಿಂದಿನ ಆ ನಾಲ್ಕು ಸಾಲು. “ಓದಿ ಅಕ್ಕ, ನನಗೆ ಈಗ ಕಾಣುವುದಿಲ್ಲ” ಎಂದಳು. ನಾನು ಓದಿದೆ. ಅದರಲ್ಲಿ ಅಚ್ಚಾಗಿದ್ದ ಹೆಸರನ್ನು ಬಿಟ್ಟು, ಅವಳ ಗಂಡನ ಸರಿಯಾದ ಹೆಸರು ಹೇಳಿ ಓದಿದೆ. ಅವಳಿಗೆ ಅದು ಗೊತ್ತಾಯಿತು. ಆದರೆ ಏನೂ ಹೇಳಲಿಲ್ಲ. ಇನ್ನೊಮ್ಮೆ ಓದಿ ಎಂದಳು.